ಗಾಲಿ ಬೆಳೆದರೆ ಗಾಡಿಯೂ ಬೆಳೆಯಬೇಕು

ಮುಂಗಾರು ಬಂತೆಂದರೆ ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ದೊಡ್ಡ ಟೈರಿನ ಮಾತು ಆರಂಭವಾಗುತ್ತದೆ. ಎತ್ತರಿಸಿದ ಜಿಪ್ಸಿ, ದಪ್ಪ ಗಾಲಿ, ಎರೆಮಣ್ಣನ್ನೂ ಘಟ್ಟವನ್ನೂ ಒಂದೇ ದಿನದಲ್ಲಿ ಗೆದ್ದು ಬರುವ ಉತ್ಸಾಹ! ಆದರೆ ಟೈರಿನ ಮೈಮೇಲೆ ಅಚ್ಚಾದ ಮೂರು ಸಂಖ್ಯೆಗಳು ಬದಲಾದೊಡನೆ ಬ್ರೇಕು, ಗೇರು, ಸ್ಥಿರತೆ, ಕಾನೂನು ಎಲ್ಲವೂ ಬದಲಾಗುತ್ತವೆ.

ಮಿರಗದ ಮೊದಲ ಮಳೆ ಬಿದ್ದು, ಗೋಕುಲ ರಸ್ತೆಯ ಡಾಂಬರಿನಿಂದ ಇನ್ನೂ ಆವಿಯೇಳುತ್ತಿರುವ ಬೆಳಗಿನ ಹೊತ್ತಿನಲ್ಲಿ, ತಗಡಿನ ಸೂರಿನ ಒಂದು ಗ್ಯಾರೇಜಿನೊಳಗೆ ಹಳೆಯ ಮಾರುತಿ ಜಿಪ್ಸಿಯೊಂದು ಗಾಲಿಗಳನ್ನು ಕಳಚಿಕೊಂಡು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಗೋಡೆಗೆ ಒರಗಿಸಿಟ್ಟ ಹೊಸ ಟೈರುಗಳ ಮೈಮೇಲಿನ ರಬ್ಬರಿನ ಎಳೆಗೂದಲು ಇನ್ನೂ ಉದುರಿಲ್ಲ. ಅವುಗಳ ಪಕ್ಕದಲ್ಲಿ ಬಿದ್ದಿರುವ ಹಳೆಯ ಟೈರುಗಳು ಮಕ್ಕಳ ಗಾಡಿಯವೋ ಎಂಬಷ್ಟು ಸಣ್ಣದಾಗಿ ತೋರುತ್ತವೆ.

ಮೇಸ್ತ್ರಿ ಮುಂದಿನ ಒಂದು ಗಾಲಿಯನ್ನು ಏರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಟೈರಿನ ಭುಜಕ್ಕೆ ಸೀಮೆಸುಣ್ಣವನ್ನು ದಟ್ಟವಾಗಿ ಬಳಿಯುತ್ತಾನೆ. ಅನಂತರ ಆ ಒಂದೇ ಗಾಲಿಯ ಕೆಳಗೆ ಜ್ಯಾಕನ್ನಿಟ್ಟು, ಪಾಟಾ (ಲೀಫ್ ಸ್ಪ್ರಿಂಗು) ಪೂರ್ತಿ ಮಡಿಯುವವರೆಗೆ ಎತ್ತಿ, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸುತ್ತಾನೆ. ಚರ್ರೆಂಬ ಸದ್ದು. ಮಡ್‌ಗಾರ್ಡಿನ ಒಳ ಅಂಚಿಗೆ ಬೆಳ್ಳಗೆ ಸುಣ್ಣ ಮೆತ್ತಿಕೊಂಡಿದೆ.

“ತಮ್ಮಾ, ಗಾಲಿ ಏರಸೂದು ದೊಡ್ಡ ಮಾತಲ್ಲ. ಅದು ತಿರಗಾಕ, ಮ್ಯಾಲೇಳಾಕ ಜಾಗಾ ಎಲ್ಲೈತಿ?”

“ಗಾಡಿ ಎತ್ತರಾ ಮಾಡೂಣ್ರಿ ಚಾಚಾ. ಅದಕ್ಕs ಬಂದೇನಿ.”

“ಮಾಡೂಣು. ಆದ್ರ ಬರೇ ಗಾಲಿಗಷ್ಟs ಅಲ್ಲ, ಬ್ರೇಕಿಗೂ ರೊಕ್ಕಾ ತಗದಿಟ್ಟಿರು.”

ಈ ಕೊನೆಯ ಮಾತಿನಲ್ಲಿ ವಿಷಯದ ಸಾರವೆಲ್ಲ ಅಡಗಿದೆ. ಗಾಲಿಯನ್ನು ದೊಡ್ಡದು ಮಾಡುವುದೆಂದರೆ ಒಂದು ಬಿಡಿಭಾಗವನ್ನು ಬದಲಿಸಿದಂತಲ್ಲ; ತಯಾರಕರು ಸಾವಿರಾರು ಅಳತೆಗಳನ್ನು ಪರಸ್ಪರ ಹೊಂದಿಸಿ ಸಿದ್ಧಪಡಿಸಿದ ಯಂತ್ರವೊಂದರ ಮೂಲ ಪ್ರಮಾಣವನ್ನೇ ಮರಳಿ ಬರೆದಂತೆ.

ಎರಡು ಮಣ್ಣುಗಳ ನಡುವಿನ ಊರು

ಈ ಹಂಬಲವು ಹುಬ್ಬಳ್ಳಿ-ಧಾರವಾಡದಲ್ಲಿ ಪ್ರಬಲವಾಗಿರುವುದಕ್ಕೆ ಭೂಗೋಳವೇ ಕಾರಣ. ಪಶ್ಚಿಮಾಭಿಮುಖವಾಗಿ ಕಲಘಟಗಿಯನ್ನು ದಾಟಿದರೆ ಮಸಾರಿಯ ಕೆಂಪು ನೆಲವೂ ಮಲೆನಾಡಿನ ಸೆರಗೂ ಆರಂಭವಾಗಿ, ಯಲ್ಲಾಪುರದಾಚೆ ಅರಬೈಲು ಘಟ್ಟದಲ್ಲಿ ರಸ್ತೆಯು ಕರಾವಳಿಗೆ ಇಳಿಯುತ್ತದೆ. ಪೂರ್ವಾಭಿಮುಖವಾಗಿ ಹೊರಟರೆ ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆ, ದಿಗಂತದವರೆಗೆ ಮರವಿಲ್ಲದ ಬೆಳವಲ, ಮಳೆ ಬಲಿತಾಗ ದಂಡೆಮೀರಿ ಹರಿದು ಹೊಲಗಳನ್ನೂ ದಾರಿಗಳನ್ನೂ ಮುಳುಗಿಸುವ ಬೆಣ್ಣಿಹಳ್ಳ.

ಒಂದು ಕಡೆ ಕಲ್ಲು, ಬೇರು, ಕಡಿದಾದ ಏರು. ಇನ್ನೊಂದು ಕಡೆ ಹಿಡಿದರೆ ಬಿಡದ ಕೆಸರು. ಈ ಎರಡರ ನಡುವೆ ವಾಸಿಸುವ ವಾಹನಪ್ರಿಯನು ಎರಡಕ್ಕೂ ಸಲ್ಲುವ ಗಾಡಿಯೊಂದನ್ನು ಬಯಸುವುದು ಅತ್ಯಂತ ಸಹಜವಾದುದು.

ಆ ಬಯಕೆಗೆ ಬಹುಕಾಲ ಆಶ್ರಯವಾಗಿದ್ದುದು ಜಿಪ್ಸಿ. 1985ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು, ಸೈನ್ಯ ಮತ್ತು ಪೊಲೀಸು ಇಲಾಖೆಗಳ ನೆಚ್ಚಿನ ವಾಹನವಾಗಿ ಬಾಳಿದ ಈ ಗಾಡಿಗೆ ಒಂದು ಟನ್ನಿನ ಆಸುಪಾಸಿನ ತೂಕ, ಮುಂದೆಯೂ ಹಿಂದೆಯೂ ಪಾಟಾ, ಬೇಕಾದಾಗ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪ್ರತ್ಯೇಕ ಗೇರು. ಅದರ ರಚನೆ ಸರಳವಾಗಿರುವುದರಿಂದಲೇ ನಮ್ಮ ಮೇಸ್ತ್ರಿಗಳ ಕೈಗೆ ಅದು ಸುಲಭವಾಗಿ ಒಗ್ಗಿತು. ಅದೇ ಕಾರ್ಖಾನೆಯಿಂದ 1984ರಲ್ಲಿ ಹೊರಬಂದು ಮುಂದೆ ಓಮ್ನಿಯೆಂದು ಹೆಸರಾದ ಮಾರುತಿ ವ್ಯಾನಿಗೆ ಈ ಭಾಗ್ಯವಿರಲಿಲ್ಲ. ಅದರ ಮೂಲವಾದ ಸುಜುಕಿ ಕ್ಯಾರಿಗೆ ಜಪಾನಿನಲ್ಲಿ ನಾಲ್ಕುಚಕ್ರ ಚಾಲನೆಯ ರೂಪವಿದ್ದರೂ, ನಮ್ಮಲ್ಲಿ ಅದು 12 ಅಂಗುಲದ ಪುಟ್ಟ ಗಾಲಿಗಳ ಮೇಲೆ, ಹಿಂದಿನ ಎರಡು ಚಕ್ರಗಳ ಬಲದಿಂದಲೇ, ಶಾಲೆಯ ಮಕ್ಕಳನ್ನೂ ಆಸ್ಪತ್ರೆಯ ರೋಗಿಗಳನ್ನೂ ಹೊತ್ತು ತಿರುಗಿತು.

ಚಕ್ಕಡಿಯ ಪಾಠ

ಎತ್ತರದ ಗಾಲಿಯ ಉಪಯೋಗವನ್ನು ನಮ್ಮ ಸೀಮೆಯು ಮೋಟಾರಿನಿಂದ ಕಲಿತದ್ದಲ್ಲ. ಎರೆಯ ಹೊಲಗಳಲ್ಲಿ ಓಡಾಡಿದ ಚಕ್ಕಡಿಗಳ ಗಾಲಿಗಳನ್ನು ಬಡಿಗನು ಮನುಷ್ಯನ ಎದೆಯೆತ್ತರದ ಹತ್ತಿರಕ್ಕೆ ಕಟ್ಟುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ. ಗಾಲಿ ದೊಡ್ಡದಾದಷ್ಟೂ ಕಲ್ಲನ್ನೂ ಹಳ್ಳವನ್ನೂ ಹತ್ತಲು ಎತ್ತುಗಳು ಪಡುವ ಶ್ರಮವು ಕಡಿಮೆಯಾಗುತ್ತದೆಂಬುದು ಅವನಿಗೆ ಅನುಭವದಿಂದ ತಿಳಿದಿದ್ದಿತು.

ಕಂಬಾರನ ಕೆಲಸವಂತೂ ಅಳತೆಯ ಪರಾಕಾಷ್ಠೆ. ಮರದ ಗಾಲಿಯ ಸುತ್ತಳತೆಗಿಂತ ತುಸುವೇ ಕಿರಿದಾಗಿ ಕಬ್ಬಿಣದ ಹಳಿಯನ್ನು ಬೆಸೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿದೊಡನೆಯೇ ನೀರೆರೆದರೆ ಹಳಿಯು ಕುಗ್ಗಿ ಅರಗಳನ್ನೂ ಗುಂಬವನ್ನೂ ಒಂದಾಗಿ ಬಿಗಿಯುತ್ತದೆ. ಹೆಚ್ಚು ಕಿರಿದಾದರೆ ಅರಗಳು ಬಾಗುತ್ತವೆ. ಸ್ವಲ್ಪ ಸಡಿಲವಾದರೆ ಬೇಸಗೆಯಲ್ಲಿ ಮರ ಒಣಗಿದಾಗ ಹಳಿಯೇ ಕಳಚಿ ಬೀಳುತ್ತದೆ. ಗಾಲಿಯ ವಿದ್ಯೆಯು ಆದಿಯಿಂದಲೂ ಪ್ರಮಾಣದ ವಿದ್ಯೆ.

ಜೀಪು ಬಂದಾಗ ಈ ವಿವೇಕವು ರಬ್ಬರಿಗೆ ದಾಟಿತು. ಎರಡನೆಯ ಮಹಾಯುದ್ಧದ ವಿಲಿಸ್ ಜೀಪಿನ ಟೈರು 6.00-16, ಅಂದರೆ ಹೆಚ್ಚುಕಡಿಮೆ 6 ಅಂಗುಲದ ಅಗಲ, 16 ಅಂಗುಲದ ಡಿಸ್ಕು (ರಿಮ್ಮು). ಇಂದಿನ ಕಣ್ಣಿಗೆ ಅದು ಕೃಶವಾಗಿ ಕಾಣುತ್ತದೆ. ಆದರೂ ಆ ತೆಳ್ಳನೆಯ ಎತ್ತರದ ಗಾಲಿಗಳ ಮೇಲೆಯೇ ಅದು ಯುದ್ಧಭೂಮಿಯ ಕೆಸರನ್ನು ದಾಟಿತು; 1949ರಿಂದ ಮಹೀಂದ್ರಾ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ ಮೇಲೆ ಭಾರತದ ಹಳ್ಳಿದಾರಿಗಳನ್ನೂ ದಾಟಿತು.

[ಚೌಕಟ್ಟು] ಟೈರಿನ ಮೈಮೇಲಿನ ಬರಹ

235/75 ಆರ್15 ಎಂದಿದ್ದರೆ:

• 235: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
• 75: ಪಕ್ಕದ ಗೋಡೆಯ ಎತ್ತರವು ಅಗಲದ ಶೇಕಡಾ 75.
• ಆರ್: ರೇಡಿಯಲ್ ರಚನೆ.
• 15: ಡಿಸ್ಕಿನ ವ್ಯಾಸ, ಅಂಗುಲಗಳಲ್ಲಿ.
• ಇದರ ಮುಂದಿನ ಸಂಖ್ಯೆ ಭಾರದ ಸೂಚಿ: 105 ಎಂದರೆ ಒಂದು ಟೈರು 925 ಕಿಲೋಗ್ರಾಂ ಹೊರಬಲ್ಲದು. ಪಕ್ಕದ ಅಕ್ಷರ ವೇಗದ ಮಿತಿ: ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್.
• ತಯಾರಿಕೆಯ ನಾಲ್ಕಂಕಿ: 2324 ಎಂದರೆ 2024ರ 23ನೆಯ ವಾರ.

ಮೂರು ಸಂಖ್ಯೆ, ಹತ್ತು ಪರಿಣಾಮ

ಗ್ಯಾರೇಜಿನ ಜಿಪ್ಸಿಗೆ ಮರಳೋಣ. ಜಿಪ್ಸಿ ಕಿಂಗ್‌ನ ಮೂಲ ಟೈರು 205/70 ಆರ್15. ಅದರ ಒಟ್ಟು ವ್ಯಾಸ 668 ಮಿಲಿಮೀಟರ್. ಹವ್ಯಾಸಿಗಳು ಬಹುವಾಗಿ ಬಯಸುವ 235/75 ಆರ್15ರ ವ್ಯಾಸವೋ 733.5 ಮಿಲಿಮೀಟರ್. ವ್ಯತ್ಯಾಸ ಕೇವಲ ಆರೂವರೆ ಸೆಂಟಿಮೀಟರ್; ಆದರೆ ಪ್ರಮಾಣದಲ್ಲಿ ಅದು ಶೇಕಡಾ 10ಕ್ಕೆ ಸಮೀಪ.

ಮೊದಲು ಲಾಭದ ಮಾತು. ನೆಲದಿಂದ ಅಚ್ಚಿನ ಎತ್ತರವು ವ್ಯತ್ಯಾಸದ ಅರ್ಧದಷ್ಟು, ಎಂದರೆ ಸುಮಾರು 33 ಮಿಲಿಮೀಟರ್ ಏರುತ್ತದೆ. 10 ಸೆಂಟಿಮೀಟರ್ ಎತ್ತರದ ಕಲ್ಲೊಂದನ್ನು ಹತ್ತಲು ಬೇಕಾಗುವ ಎಳೆತವು, ಗಾಲಿಯನ್ನು ಗಡುಸಾದುದೆಂದು ಭಾವಿಸಿ ಲೆಕ್ಕ ಹಾಕಿದರೆ, ಸುಮಾರು ಶೇಕಡಾ 7ರಷ್ಟು ಇಳಿಯುತ್ತದೆ. ಚಕ್ಕಡಿಯ ಬಡಿಗನು ಕಂಡುಕೊಂಡಿದ್ದ ಸತ್ಯವು ಇದುವೇ.

ಇನ್ನು ತೆರಬೇಕಾದ ಬೆಲೆ. ಸ್ಪೀಡೋಮೀಟರು ಗಾಲಿಯ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದಾರಿಯನ್ನಲ್ಲ. ಆದುದರಿಂದ ಮುಳ್ಳು 80ನ್ನು ತೋರಿಸುವಾಗ ಗಾಡಿಯು 88ರ ವೇಗದಲ್ಲಿ ಓಡುತ್ತಿರುತ್ತದೆ. ಮುಳ್ಳನ್ನು ನಂಬಿದ ಚಾಲಕನು ತಿರುವಿಗೆ ತಾನೆಣಿಸಿದುದಕ್ಕಿಂತ ಬೇಗನೆ ಬಂದು ಮುಟ್ಟುತ್ತಾನೆ.

ಬ್ರೇಕಿನ ಸ್ಥಿತಿಯು ಇದಕ್ಕಿಂತಲೂ ಗಂಭೀರವಾದುದು. ಪೆಡಲನ್ನು ಅದೇ ಬಲದಿಂದ ಒತ್ತಿದರೂ, ಗಾಲಿಯ ತ್ರಿಜ್ಯ ಹೆಚ್ಚಿದ್ದರಿಂದ ನೆಲದ ಮೇಲೆ ದೊರೆಯುವ ತಡೆಯ ಬಲವು ಶೇಕಡಾ 9ರಷ್ಟು ಕ್ಷೀಣಿಸುತ್ತದೆ. ಎಂಜಿನ್ನಿನ ಎಳೆತಕ್ಕೂ ಇದೇ ಗಣಿತ ಅನ್ವಯಿಸುತ್ತದೆ: 80 ಅಶ್ವಶಕ್ತಿಯ ಸಣ್ಣ ಎಂಜಿನ್ನು ಏರುಗಳಲ್ಲಿ ಮೂರನೆಯ ಗೇರಿನ ಬದಲು ಎರಡನೆಯದನ್ನು ಬೇಡುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ, ಪೆಟ್ರೋಲಿನ ಖರ್ಚು ಏರುತ್ತದೆ. ಇದನ್ನು ಸರಿಪಡಿಸಲು ಕ್ರೌನು-ಪಿನಿಯನ್ನುಗಳ ಹಲ್ಲಿನ ಅನುಪಾತವನ್ನೇ ಬದಲಿಸಬೇಕು.

ಭಾರವಾದ ಗಾಲಿಯು ಪಾಟಾದ ಕೆಳಗಿನ ತೂಕ. ಗುಂಡಿಗೆ ಬಿದ್ದಾಗ ಅದನ್ನು ಹತೋಟಿಯಲ್ಲಿಡಬೇಕಾದ ಶಾಕಪ್ಪು, ಹೊರೆ ಹೊರಬೇಕಾದ ಬೇರಿಂಗು, ತಿರುಗಿಸಬೇಕಾದ ಸ್ಟೇರಿಂಗಿನ ಕೀಲುಗಳು ಎಲ್ಲವೂ ತಮಗೆಂದು ನಿಗದಿಯಾಗದ ಕೆಲಸವನ್ನು ಮಾಡತೊಡಗುತ್ತವೆ. ಗಾಲಿ ಹೊರಗೆ ಚಾಚಿ ಕಾಣಲೆಂದು ಡಿಸ್ಕಿಗೂ ಹಬ್ಬಿಗೂ ನಡುವೆ ದಪ್ಪ ಬಿಲ್ಲೆಗಳನ್ನು ಹಾಕಿಸಿದರೆ ಬೇರಿಂಗಿನ ಮೇಲಿನ ಒತ್ತಡ ಮತ್ತಷ್ಟು ಏರುತ್ತದೆ.

ಎತ್ತರಿಸುವ ಎರಡು ದಾರಿ

ಗಾಲಿಗೆ ಜಾಗ ಮಾಡಿಕೊಡಲು ದಾರಿಗಳೆರಡು. ಚಾಸಿಗೂ ಮೈಗೂ ನಡುವಿನ ದಿಮ್ಮಿಗಳನ್ನು ಎತ್ತರ ಮಾಡಿ ಮೈಯನ್ನಷ್ಟೇ ಏರಿಸುವುದು ಒಂದು. ಪಾಟಾದ ಬಾಗನ್ನು ಹೆಚ್ಚಿಸಿಯೋ ಅದರ ತುದಿಯ ಶ್ಯಾಕಲ್ಲನ್ನು ಉದ್ದ ಮಾಡಿಯೋ ಚಾಸಿಯನ್ನೇ ಏರಿಸುವುದು ಇನ್ನೊಂದು.

ಇಲ್ಲಿ ಬಹು ಜನರು ಲಕ್ಷಿಸದ ಒಂದು ಸಂಗತಿಯಿದೆ. ಜಿಪ್ಸಿಯಂತಹ ಗಾಡಿಯಲ್ಲಿ ಪಾಟಾವನ್ನು ಎಷ್ಟೇ ಎತ್ತರಿಸಿದರೂ, ಅಚ್ಚಿನ ನಡುವೆ ಜೋತಿರುವ ಡಿಫರೆನ್ಷಿಯಲ್ಲು ನೆಲದಿಂದ ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಕಲ್ಲಿಗೆ ಮೊದಲು ತಾಗುವ ಆ ಭಾಗವನ್ನು ಏರಿಸಬಲ್ಲುದು ಟೈರೊಂದೇ. ಎತ್ತರಿಸುವುದು ಟೈರಿಗೆ ಸ್ಥಳ ಮಾಡಲು. ನೆಲವನ್ನು ಗೆಲ್ಲುವುದು ಟೈರು.

ಚಾಸಿ ಏರಿದೊಡನೆ ಅದರ ಬೆನ್ನಿಗೆ ಇತರ ಭಾಗಗಳೂ ಸರಪಳಿಯಂತೆ ಎಳೆಯಲ್ಪಡುತ್ತವೆ. ಪ್ರೊಪೆಲ್ಲರ್ ಶಾಫ್ಟಿನ ಕೋನವು ಕಡಿದಾಗಿ ಅದರ ಕ್ರಾಸುಗಳು ನಡುಗುತ್ತವೆ. ಬ್ರೇಕಿನ ರಬ್ಬರು ಹೋಸು ಗಾಲಿ ಕೆಳಗಿಳಿದಾಗ ಬಿಗಿದು ಹರಿಯಬಹುದು. ಮುಂದಿನ ಅಚ್ಚಿನ ಓರೆ ಕಡಿಮೆಯಾಗಿ, ತಿರುವಿನ ಅನಂತರ ತಾನಾಗಿ ನೆಟ್ಟಗಾಗಬೇಕಾದ ಸ್ಟೇರಿಂಗು ಹೆದ್ದಾರಿಯಲ್ಲಿ ಅಲೆದಾಡತೊಡಗುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಗುರುತ್ವಕೇಂದ್ರದ ಪ್ರಶ್ನೆ. ಗಾಡಿಯೊಂದು ಮಗುಚದೆ ನಿಲ್ಲುವ ಸಾಮರ್ಥ್ಯವನ್ನು, ಎಡಬಲದ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿ ಅಳೆಯುತ್ತಾರೆ. ಅಂತರ 1500, ಎತ್ತರ 700 ಮಿಲಿಮೀಟರ್ ಇರುವ ಗಾಡಿಯೊಂದನ್ನು ಉದಾಹರಣೆಗೆ ತೆಗೆದುಕೊಂಡರೆ ಉತ್ತರ 1.07. ಪಾಟಾ ಮತ್ತು ಟೈರು ಕೂಡಿ ಅದನ್ನು 80 ಮಿಲಿಮೀಟರ್ ಏರಿಸಿದರೆ ಉತ್ತರ 0.96ಕ್ಕೆ ಕುಸಿಯುತ್ತದೆ. ಅರಬೈಲಿನ ತಿರುವಿನಲ್ಲಿ, ಮಾಳಿಗೆಯ ಮೇಲೆ ಸಾಮಾನು ಹೇರಿಕೊಂಡು ಇಳಿಯುವವನು ಈ ಅಂಕಿಯನ್ನು ಮನದಲ್ಲಿಟ್ಟುಕೊಳ್ಳತಕ್ಕದ್ದು.

ಗ್ರಾಟ್ಸ್ ನಗರದ ವ್ಯಾನು

ಎತ್ತರಿಸಿದ ವ್ಯಾನು, ದೊಡ್ಡ ಗಾಲಿ, ನಾಲ್ಕೂ ಚಕ್ರಗಳ ಚಾಲನೆ ಇವೆಲ್ಲವನ್ನೂ ಕಾರ್ಖಾನೆಯೇ ಕೈಗೆತ್ತಿಕೊಂಡಾಗ ಏನಾಯಿತೆಂಬುದಕ್ಕೆ ಯೂರೋಪಿನ ದೃಷ್ಟಾಂತವೊಂದು ಬೋಧಪ್ರದವಾಗಿದೆ. ಫೋಕ್ಸ್‌ವಾಗನ್ನಿನ ಹಿಂಬದಿ ಎಂಜಿನ್ನಿನ ವ್ಯಾನನ್ನು 1980ರ ದಶಕದ ನಡುವೆ ಆಸ್ಟ್ರಿಯದ ಗ್ರಾಟ್ಸ್ ನಗರದ ಸ್ಟೈಯರ್-ಡೈಮ್ಲರ್-ಪುಖ್ ಕಾರ್ಖಾನೆಯು ನಾಲ್ಕುಚಕ್ರ ಚಾಲನೆಗೆ ಅಳವಡಿಸಿ ‘ಸಿಂಕ್ರೋ’ ಎಂಬ ಹೆಸರಿನಿಂದ ಹೊರತಂದಿತು.

ಸಾಮಾನ್ಯ ಸಿಂಕ್ರೋಗೆ 14 ಅಂಗುಲದ ಡಿಸ್ಕು. ದುರ್ಗಮ ದಾರಿಗಳಿಗೆಂದು 16 ಅಂಗುಲದ್ದೊಂದು ಮಾದರಿಯನ್ನೂ ಮಾಡಬೇಕೆಂದು ಬಗೆದಾಗ, ಆ ಶಿಲ್ಪಿಗಳು ಗಾಲಿಯನ್ನಷ್ಟೇ ಬದಲಿಸಿ ಸುಮ್ಮನಾಗಲಿಲ್ಲ. ಗಾಲಿಯ ಕಮಾನುಗಳನ್ನು ಹಿಗ್ಗಿಸಿ, ಮೈಕಟ್ಟನ್ನು ಬಲಪಡಿಸಿ, ಚಾಲನೆಯ ಕೀಲುಗಳನ್ನೂ ಬ್ರೇಕುಗಳನ್ನೂ ದೊಡ್ಡದು ಮಾಡಿದರು. ಎರಡೇ ಅಂಗುಲಕ್ಕೆ ಇಷ್ಟೊಂದು ಕಾರ್ಯ! ಗೋಕುಲ ರಸ್ತೆಯ ಮೇಸ್ತ್ರಿಯು ಬ್ರೇಕಿಗೆ ರೊಕ್ಕ ತೆಗೆದಿಡೆಂದದ್ದು ಗ್ರಾಟ್ಸ್‌ನ ತಜ್ಞರು ಮಾಡಿ ತೋರಿಸಿದ ಮಾತನ್ನೇ.

ಆ ವ್ಯಾನು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅದರಲ್ಲಿ ಮುಂದಿನ ಚಕ್ರಗಳಿಗೆ ಬಲವನ್ನು ಸಾಗಿಸುವುದು, ಸಿಲಿಕೋನ್ ದ್ರವದಲ್ಲಿ ಮುಳುಗಿದ ತಟ್ಟೆಗಳ ಜೋಡಣೆ. ಮುಂದಿನ ಹಿಂದಿನ ಗಾಲಿಗಳ ಸುತ್ತಿನಲ್ಲಿ ವ್ಯತ್ಯಾಸ ಬಂದೊಡನೆ ದ್ರವವು ಕಾಯ್ದು ಬಿಗಿಯುತ್ತದೆ. ಎರಡು ಟೈರು ಹೊಸವು, ಎರಡು ಸವೆದವು ಎಂದಾದರೆ ವ್ಯತ್ಯಾಸವು ಎಂದೂ ತೀರದೆ, ಆ ಜೋಡಣೆಯು ಹೆದ್ದಾರಿಯಲ್ಲಿಯೂ ಬಿಡುವಿಲ್ಲದೆ ದುಡಿದು ಕೆಡುತ್ತದೆ. ಇಂದಿನ ಆಲ್‌ವೀಲ್ ಡ್ರೈವ್ ಕಾರುಗಳಿಗೂ ಈ ನಿಯಮ ಸಲ್ಲುತ್ತದೆ. ಆದುದರಿಂದ ಬದಲಿಸುವುದಾದರೆ ನಾಲ್ಕನ್ನೂ ಬದಲಿಸಬೇಕು, ಐದನೆಯದಾದ ಸ್ಟೆಪ್ನಿಯನ್ನೂ ಅದೇ ಅಳತೆಯದಾಗಿ ಇಟ್ಟುಕೊಳ್ಳಬೇಕು. ಜಿಪ್ಸಿಯಂತೆ ಗೇರು ಹಾಕಿ ನಾಲ್ಕು ಚಕ್ರಗಳನ್ನು ಕೂಡಿಸುವ ಗಾಡಿಯಲ್ಲಾದರೋ, ಒಣಗಿದ ಡಾಂಬರಿನ ಮೇಲೆ ಆ ಗೇರನ್ನು ಹಾಕಿಕೊಂಡು ಓಡಿಸಲೇ ಕೂಡದು.

ಎರೆಗೆ ಬೇಕಾದುದೇನು?

ಇಷ್ಟೆಲ್ಲ ಮಾಡಿ ಎರೆಯೊಳಗೆ ಇಳಿದರೆ ದೊಡ್ಡ ಟೈರು ಗೆಲ್ಲುವುದೇ? ಎರೆಯ ಸ್ವಭಾವವನ್ನು ಬಲ್ಲವರು ಹೂಂ ಎನ್ನಲು ಹಿಂಜರಿಯುತ್ತಾರೆ. ನೀರು ಕುಡಿದು ಹಿಗ್ಗುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯು ಆ ಮಣ್ಣಿನಲ್ಲಿ ಹೇರಳವಾಗಿದೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಅದೇ ನೆಲವು ಮಳೆಯಲ್ಲಿ ಅಂಟಾಗಿ, ಟೈರಿನ ಹಲ್ಲುಗಳ ಸಂದುಗಳನ್ನು ಒಂದೆರಡು ಸುತ್ತುಗಳಲ್ಲಿ ತುಂಬಿಬಿಡುತ್ತದೆ. ಸಂದು ತುಂಬಿದ ಮೇಲೆ ಗಾಲಿ ಎಷ್ಟೇ ದೊಡ್ಡದಿರಲಿ, ನುಣುಪಾದ ಉರುಳೆಯಂತೆ ನಿಂತಲ್ಲೇ ತಿರುಗುತ್ತದೆ.

ಇಲ್ಲಿ ಅಳತೆಗಿಂತ ಹೆಚ್ಚಾಗಿ ಕೆಲಸಕ್ಕೆ ಬರುವುವು ಎರಡು. ಮೊದಲನೆಯದು, ತಿರುಗುವಾಗ ಮಣ್ಣನ್ನು ತಾನೇ ಚಿಮ್ಮಿ ಹೊರಹಾಕಬಲ್ಲ ಅಗಲವಾದ ಸಂದುಗಳ ಹಲ್ಲು. ಎರಡನೆಯದು ಹವಾ. ಗಾಲಿಯೊಂದರ ಮೇಲೆ 300 ಕಿಲೋಗ್ರಾಂ ಭಾರವಿದ್ದು 28 ಪೌಂಡು ಹವಾ ಇದ್ದರೆ ನೆಲವನ್ನು ಮುಟ್ಟುವ ವಿಸ್ತೀರ್ಣ ಸ್ಥೂಲವಾಗಿ 150 ಚದರ ಸೆಂಟಿಮೀಟರ್. 18 ಪೌಂಡಿಗೆ ಇಳಿಸಿದರೆ ಅದು 235ರ ಸಮೀಪಕ್ಕೆ ಏರುತ್ತದೆ. ಖರ್ಚಿಲ್ಲದ ಉಪಾಯವಿದು; ಆದರೆ ಡಾಂಬರಿಗೆ ಮರಳಿದೊಡನೆ ಹವಾ ತುಂಬಿಸದಿದ್ದರೆ ಟೈರಿನ ಪಕ್ಕಗಳು ಕಾಯ್ದು ಒಡೆಯುತ್ತವೆ. ಸಣ್ಣದೊಂದು ಹವಾ ಪಂಪು ಗಾಡಿಯಲ್ಲಿರುವುದು ಅವಶ್ಯ.

ಮಲೆನಾಡಿನ ಕೆಂಪು ದಾರಿಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತೆಳ್ಳನೆಯ ಕೆಸರಿನ ಕೆಳಗೆ ಗಟ್ಟಿ ಜಂಬಿಟ್ಟಿಗೆಯಿರುತ್ತದೆ. ಅಗಲವಾದ ಟೈರು ಕೆಸರಿನ ಮೇಲೆ ತೇಲಿದರೆ, ಕಿರಿದಾದದ್ದು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಹಿಡಿಯುತ್ತದೆ. ಹಳೆಯ ಜೀಪಿನ 6 ಅಂಗುಲದ ಗಾಲಿಯ ಗುಟ್ಟು ಇದು. ಗಾಡಿ ಎಷ್ಟೇ ಸಮರ್ಥವಾಗಿರಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಂತಹ ಕಾಡುಗಳೊಳಗೆ ಅನುಮತಿಯಿಲ್ಲದೆ ಚಕ್ರವಿಡುವುದು ಅಪರಾಧವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

[ಚೌಕಟ್ಟು] ಕಾನೂನು ಏನನ್ನುತ್ತದೆ?

• ಮೋಟಾರು ವಾಹನ ಕಾಯ್ದೆ, 1988ರ ಕಲಂ 52: ನೋಂದಣಿಯ ವಿವರಗಳು ತಯಾರಕರ ಮೂಲ ನಿರ್ದೇಶಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.
• 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು.
• 2019ರ ತಿದ್ದುಪಡಿಯ ಕಲಂ 182ಎ(4): ಅಕ್ರಮ ಮಾರ್ಪಾಟಿಗೆ ಮಾಲಿಕನಿಗೆ 6 ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.
• ಕೇಂದ್ರ ಮೋಟಾರು ವಾಹನ ನಿಯಮ 94: ಕಾರು, ಜೀಪುಗಳ ಟೈರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು.

ಊರಿನ ಕೈಯಲ್ಲಿರುವ ವಿದ್ಯೆ

ಹುಬ್ಬಳ್ಳಿಯು ಗಾಲಿಗಳ ಊರು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಆರಂಭಿಸಿದ ಸಾರಿಗೆ ಉದ್ಯಮವು ಇಲ್ಲಿಗೆ ಬಂದು ವಿಆರ್‌ಎಲ್ ಆಗಿ ಬೆಳೆಯಿತು. ಧಾರವಾಡದಲ್ಲಿ ಟಾಟಾ ಮಾರ್ಕೊಪೋಲೊ ಬಸ್ಸುಗಳು ಸಿದ್ಧವಾದವು. ಹೆದ್ದಾರಿಗಳು ಕೂಡುವ ಈ ಸ್ಥಳದಲ್ಲಿ ಪಂಕ್ಚರ್ ಅಂಗಡಿಯ ಹುಡುಗನಿಂದ ಹಿಡಿದು ಹಿರಿಯ ಮೇಸ್ತ್ರಿಯವರೆಗೆ ಟೈರಿನ ಸವೆತವನ್ನು ಕೈಯಾಡಿಸಿಯೇ ಓದಬಲ್ಲವರು ಎಷ್ಟೋ ಮಂದಿ ಇದ್ದಾರೆ.

ಆ ಜ್ಞಾನಕ್ಕೆ ಇಂದು ಬೇಕಾಗಿರುವುದು ಲೆಕ್ಕದ ಜೊತೆ. ಗಾಡಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ‘ಹಿಂಗs ಮಾಡಿಕೊಡ್ರಿ’ ಎಂದು ಕೇಳುವ ಗಿರಾಕಿಗೆ, ವ್ಯಾಸವನ್ನೂ ಭಾರದ ಸೂಚಿಯನ್ನೂ ಬ್ರೇಕಿನ ನಷ್ಟವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಆಗುವುದಿಲ್ಲವಾದುದಕ್ಕೆ ಆಗುವುದಿಲ್ಲವೆಂದು ಹೇಳುವ ಗ್ಯಾರೇಜು ತನ್ನ ವೃತ್ತಿಗೆ ಗೌರವ ತರುತ್ತದೆ. ನಮ್ಮ ಐಟಿಐಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಈ ಮೇಸ್ತ್ರಿಗಳನ್ನು ತರಗತಿಗೆ ಕರೆದು, ತಮ್ಮ ವಿದ್ಯಾರ್ಥಿಗಳನ್ನು ಗ್ಯಾರೇಜಿಗೆ ಕಳುಹಿಸಿದರೆ ಇಬ್ಬರ ವಿದ್ಯೆಯೂ ಪುಷ್ಟವಾಗುವುದರಲ್ಲಿ ಸಂದೇಹವಿಲ್ಲ.

ಓದುಗರಲ್ಲಿ ಯಾರಾದರೂ ಈ ಮಳೆಗಾಲಕ್ಕೆ ಟೈರು ಬದಲಿಸಲು ಹೊರಟಿದ್ದರೆ ಅವರಲ್ಲಿ ಪ್ರಾರ್ಥನೆ ಇಷ್ಟು: ತಯಾರಕರು ನಿಮ್ಮ ಗಾಡಿಯ ಬೇರೊಂದು ಶ್ರೇಣಿಗೆ ಕೊಟ್ಟಿರುವ ಅಳತೆಯೇ ಎಲ್ಲಕ್ಕಿಂತ ಸುರಕ್ಷಿತ, ಅದನ್ನು ಮೊದಲು ವಿಚಾರಿಸಿರಿ. ಅಳತೆಯನ್ನು ಬಿಟ್ಟು ಹಲ್ಲಿನ ಮಾದರಿಯನ್ನು ಮಾತ್ರ ಬದಲಿಸಿದರೆ ನಿಮ್ಮ ಅಗತ್ಯದ ಬಹುಭಾಗ ತೀರಬಹುದು. ಅದಕ್ಕೂ ಮೀರಿ ಗಾಡಿಯನ್ನು ಎತ್ತರಿಸಲೇಬೇಕೆನ್ನುವವರು ಹಣ ಕೊಡುವ ಮೊದಲು ನೋಂದಣಿ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಲಿಖಿತವಾಗಿ ಕೇಳಿರಿ, ಮತ್ತು ಟೈರಿಗಿಂತ ಮುಂಚೆ ಬ್ರೇಕನ್ನು ಬಲಪಡಿಸಿರಿ.